ಕಾಶ್ಮೀರದ ಟ್ರೌಟ್ ಮೀನಿಗೆ ಹೊಸಬನ ಗಾಳ

ಆಗಸ್ಟಿನ ಕೊನೆಯಲ್ಲೋ ಸೆಪ್ಟೆಂಬರದ ಮೊದಲಲ್ಲೋ ವರ್ಷದ ರಜೆಯನ್ನು ಒಟ್ಟುಗೂಡಿಸಿಕೊಂಡು, ಸೋನಾಮಾರ್ಗದಿಂದ ಕಾಲ್ನಡಿಗೆಯಲ್ಲಿ ವಿಶನಸರ, ಕೃಷ್ಣಸರ, ಗಂಗಾಬಲ ಮುಂತಾದ ಸರೋವರಗಳನ್ನು ಕಂಡು ನಾರಾನಾಗಕ್ಕೆ ಇಳಿಯುವ ತರುಣರು ನಮ್ಮವರಲ್ಲಿಯೂ ಇದ್ದಾರೆ. ಅವರಲ್ಲಿ ಕೆಲವರಿಗೆ ಅಲ್ಲಿಯ ಟ್ರೌಟ್ ಮೀನಿಗೆ ಗಾಳ ಹಾಕುವ ಹಂಬಲ. ಹಂಬಲವೇನೋ ಒಳ್ಳೆಯದೇ. ಆದರೆ ಅಂಗಡಿಯವನು ತೋರಿಸಿದ್ದನ್ನೆಲ್ಲ ಕೊಂಡು ತಿಂಗಳ ಸಂಬಳವನ್ನು ಕಳೆದುಕೊಂಡು, ಆ ಹೊರೆಯನ್ನು ಬೆನ್ನ ಮೇಲೆ ಹೊತ್ತು, ಬರಿಗೈಯಲ್ಲಿ ಮರಳುವಂತಾಗಬಾರದು. ಶಾಕಾಹಾರಿ ಹೋಟೆಲಿನ ಗಲ್ಲೆಯ ಮುಂದೆ ಆಯುಷ್ಯದ ಒಳ್ಳೆಯ ಭಾಗವನ್ನು ಕಳೆದ ನಾವು ಮೀನಿನ ವಿಚಾರ ಬರೆಯುವುದನ್ನು ಕಂಡು ನಗುವವರು ನಗಲಿ.

ಕಂದು ಟ್ರೌಟ್ ಕಾಶ್ಮೀರದ ಮೂಲನಿವಾಸಿಯಲ್ಲ. ೧೯೦೦ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಮೊಟ್ಟೆಗಳಿಂದ ಮರಿ ಮಾಡಿಸಿದವರಲ್ಲಿ ಮುಖ್ಯನು ಶ್ರೀನಗರದಲ್ಲಿ ರತ್ನಗಂಬಳಿಯ ಕಾರ್ಖಾನೆ ನಡೆಸುತ್ತಿದ್ದ ಮಿಚೆಲ್ ಎಂಬವನು. ತಣ್ಣೀರಿನ ಜೀವಿಯಾದ ಈ ಮೀನು ಅಲ್ಲಿಯ ಹಳ್ಳ ಸರೋವರಗಳಲ್ಲಿ ಚೆನ್ನಾಗಿ ನೆಲೆಯೂರಿತು. ನೀರಿನ ಉಷ್ಣತೆ ೨೦ ಡಿಗ್ರಿಯನ್ನು ದಾಟಿತೆಂದರೆ ಅದಕ್ಕೆ ಉಸಿರಾಟವೇ ಕಷ್ಟ.

ಬೇಸಗೆಯ ಕೊನೆಯಲ್ಲಿ ಹಿಮ ಕರಗುವುದು ಇಳಿದು, ನೀರು ತಗ್ಗಿ, ಗಾಜಿನಂತೆ ತಿಳಿಯಾಗುತ್ತದೆ. ಹೊಸಬನಿಗೆ ಇದೇ ಅನುಕೂಲ, ಇದೇ ತೊಡಕು. ಮೀನು ನಿಮಗೆ ಕಾಣಿಸುತ್ತದೆ. ಅದಕ್ಕಿಂತ ಮೊದಲೇ ನೀವು ಮೀನಿಗೆ ಕಾಣಿಸಿರುತ್ತೀರಿ! ಆದುದರಿಂದ ಸಾಮಗ್ರಿಯೆಲ್ಲ ಸಣ್ಣದಾಗಿ, ಹಗುರವಾಗಿ ಇರತಕ್ಕದ್ದು. ಕಡಲತೀರದಲ್ಲಿ ದಪ್ಪ ದಾರವನ್ನೂ ಸೀಸದ ಗುಂಡನ್ನೂ ಕಂಡು ಬೆಳೆದ ನಮ್ಮವರು ಈ ಮಾತನ್ನು ಸುಲಭವಾಗಿ ನಂಬುವುದಿಲ್ಲ.

ಕೋಲು ಆರು ಅಥವಾ ಆರೂವರೆ ಅಡಿಯದು, ನಾಲ್ಕು ತುಂಡಾಗಿ ಬಿಚ್ಚಿ ಚೀಲದಲ್ಲಿ ಅಡಗುವಂಥದು ಸಾಕು. ಅದಕ್ಕೆ ೧೦೦೦ ಅಥವಾ ೨೦೦೦ ಎಂಬ ಅಂಕದ ಸಣ್ಣ ಸ್ಪಿನ್ನಿಂಗ್ ರೀಲು. ದಾರ ನಾಲ್ಕು ಪೌಂಡು ತಾಳುವ ನೈಲಾನಿನದು. ಆರು ಪೌಂಡಿಗಿಂತ ಮೇಲಿನದು ಬೇಡವೇ ಬೇಡ. ನೊಣಗಾಳಕ್ಕೆಂದು ಮಾಡಿದ ಒಂಬತ್ತಡಿಯ ಕೋಲು ನೋಡಲು ಬಲು ಸೊಗಸು. ಆದರೆ ಅದನ್ನು ಬೀಸುವ ಕೈ ಪಳಗಲು ತಿಂಗಳುಗಳು ಬೇಕು. ಮೊದಲ ಪ್ರವಾಸಕ್ಕೆ ಅದು ತಕ್ಕುದಲ್ಲವೆಂದು ನಮ್ಮ ಸ್ಪಷ್ಟ ಅಭಿಪ್ರಾಯ.

ರೀಲಿನ ಬಿಗಿತವನ್ನು ಊರಲ್ಲೇ ಸರಿಪಡಿಸಿಕೊಂಡು ಹೋಗಬೇಕು. ನಮ್ಮ ಅಡಿಗೆಮನೆಯ ಉಪಾಯವೊಂದಿದೆ. ಅರ್ಧ ಕಿಲೋ ರವೆಯ ಪೊಟ್ಟಣವನ್ನು ದಾರಕ್ಕೆ ಕಟ್ಟಿ ಕೋಲಿನಿಂದ ಎತ್ತಿರಿ. ಪೊಟ್ಟಣ ನೆಲ ಬಿಡುತ್ತಿರುವಾಗ ರೀಲು ಮೆಲ್ಲಗೆ ಜಾರಿ ದಾರ ಕೊಡುವಂತಿರಬೇಕು. ಇದಕ್ಕಿಂತ ಬಿಗಿಯಾದರೆ ದೊಡ್ಡ ಮೀನು ಒಂದೇ ಜಗ್ಗಿಗೆ ದಾರ ಹರಿದುಕೊಂಡು ಹೋದೀತು. ಗಂಟು ಕಲಿಯುವುದೂ ಊರಲ್ಲೇ. ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಅದರ ಮೈಗೇ ಐದು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಪಕ್ಕದ ಕುಣಿಕೆಯೊಳಗೆ ತಂದು, ಎಂಜಲಿನಿಂದ ಒದ್ದೆ ಮಾಡಿ ಮೆಲ್ಲಗೆ ಬಿಗಿಯಬೇಕು. ಒಣದಾರವನ್ನು ಸರಕ್ಕನೆ ಬಿಗಿದರೆ ತಿಕ್ಕಾಟದ ಬಿಸಿಗೆ ನೈಲಾನು ಸೊರಗುತ್ತದೆ. ಹೋದ ಮೀನುಗಳಲ್ಲಿ ಎಷ್ಟೋ ಹೋಗುವುದು ಗಂಟಿನಲ್ಲಿಯೇ.

ಇನ್ನು ಹುಸಿ ಎರೆ. ನೀರಿನಲ್ಲಿ ಎಳೆದಾಗ ಗಿರಗಿರನೆ ತಿರುಗುವ ಹಿತ್ತಾಳೆ ಎಲೆಯ ಸ್ಪಿನ್ನರುಗಳು, ಎರಡರಿಂದ ಐದು ಗ್ರಾಮಿನವು, ನಾಲ್ಕಾರು ಇದ್ದರೆ ಧಾರಾಳ. ದಾರ ಹುರಿಗೊಳ್ಳದಂತೆ ನಡುವೆ ಸಣ್ಣ ಸ್ವಿವೆಲ್ ಕಟ್ಟಬೇಕು. ಇವುಗಳಿಗೆ ಬರುವ ಮೂರು ಮೊನೆಯ ಗಾಳವನ್ನು ತೆಗೆದು ಒಂಟಿ ಗಾಳ ಹಾಕಿಸಿ, ಅದರ ಮರುಮುಳ್ಳನ್ನು ಇಕ್ಕಳದಿಂದ ಒತ್ತಿ ಮಡಿಸಿರಿ. ಮೀನು ನೋಯದೆ ಬಿಡುಗಡೆಯಾಗುತ್ತದೆಂಬುದು ಒಂದು ಕಾರಣ. ಆಸ್ಪತ್ರೆಯು ಎರಡು ದಿನದ ನಡಿಗೆಯಷ್ಟು ದೂರವಿರುವಲ್ಲಿ ಗಾಳವು ನಿಮ್ಮದೇ ಬೆರಳಿಗೆ ಇಳಿದರೆ ಏನು ಗತಿ ಎಂಬುದು ಇನ್ನೊಂದು. ಟೊಪ್ಪಿಗೆ, ಕನ್ನಡಕಗಳನ್ನೂ ಮರೆಯಬೇಡಿರಿ.

ಈ ಋತುವಿನಲ್ಲಿ ಹುಲ್ಲುಗಾವಲಿನ ಮಿಡತೆ, ಇರುವೆ, ಜೀರುಂಡೆಗಳು ಗಾಳಿಗೆ ನೀರಿನಲ್ಲಿ ಬೀಳುತ್ತವೆ. ಟ್ರೌಟಿಗೆ ಅದೇ ಹಬ್ಬದೂಟ. ಆದುದರಿಂದ ಮಿಡತೆಯ ಆಕಾರದ ಕೆಲವು ಹುಸಿನೊಣಗಳನ್ನೂ, ಒಳಗೆ ನೀರು ತುಂಬಬಹುದಾದ ಪಾರದರ್ಶಕ ಬೆಂಡು ಒಂದೆರಡನ್ನೂ ಇಟ್ಟುಕೊಳ್ಳಬೇಕು. ಬೆಂಡಿಗೆ ಅರ್ಧ ನೀರು ತುಂಬಿ, ಅದರ ಮುಂದೆ ಐದಡಿ ಸಪೂರ ದಾರದ ತುದಿಗೆ ನೊಣ ಕಟ್ಟಿದರೆ, ನೊಣಗಾಳದ ಕೋಲಿಲ್ಲದೆಯೂ ಅದನ್ನು ದೂರಕ್ಕೆ ಎಸೆಯಬಹುದು.

ಮುಂಜಾನೆ ಮತ್ತು ಸಂಜೆ ಮೀನು ದಡದ ಸಮೀಪ ಸುಳಿಯುತ್ತದೆ. ಸರೋವರದ ನಡುವಿಗೆ ಎಸೆಯುವ ಬದಲು ದಡದ ಗುಂಟ ಎಸೆಯಿರಿ. ತೊರೆಯು ಸರೋವರಕ್ಕೆ ಬೀಳುವ ಬಾಯಿಯನ್ನಂತೂ ಬಿಡಬೇಡಿರಿ. ನಿಮ್ಮ ನೆರಳು ನೀರಿನ ಮೇಲೆ ಬಿದ್ದರೆ ಆ ಜಾಗದಲ್ಲಿ ಅರ್ಧ ಗಂಟೆ ಕೆಲಸವಿಲ್ಲ.

ಮೀನುಗಾರಿಕೆ ಇಲಾಖೆಯ ಪರವಾನಗಿಯಿಲ್ಲದೆ ಗಾಳ ಹಾಕುವುದು ಅಪರಾಧ. ಋತುವು ಸಾಮಾನ್ಯವಾಗಿ ಏಪ್ರಿಲಿನಿಂದ ಸೆಪ್ಟೆಂಬರದ ಕೊನೆಯವರೆಗೆ. ಯಾವ ನೀರಿನಲ್ಲಿ ಯಾವ ಎರೆ ಸಲ್ಲುತ್ತದೆ, ಎಷ್ಟು ಮೀನು ಹಿಡಿಯಬಹುದು ಎಂಬುದನ್ನು ಪರವಾನಗಿ ಪಡೆಯುವಾಗಲೇ ಕೇಳಿ ತಿಳಿಯಬೇಕು. ದಾರಿ ತೆರೆದಿದೆಯೇ ಎಂಬುದನ್ನೂ ಆಯಾ ವರ್ಷ ವಿಚಾರಿಸಿಯೇ ಟಿಕೇಟು ತೆಗೆಸಿರಿ. ಸೈನ್ಯದ ಠಾಣೆಗಳಲ್ಲಿ ತೋರಿಸಲು ಗುರುತಿನ ಪತ್ರ ಜೇಬಿನಲ್ಲೇ ಇರಲಿ.

ಬಿಡತಕ್ಕ ಮೀನನ್ನು ಒದ್ದೆ ಕೈಯಿಂದಲೇ ಮುಟ್ಟಬೇಕು. ಒಣಗೈ ತಾಗಿದರೆ ಅದರ ಮೈಯ ಲೋಳೆ ಕಿತ್ತು ರೋಗ ಹತ್ತುತ್ತದೆ. ತಿನ್ನಲು ಇಟ್ಟುಕೊಂಡದ್ದನ್ನು ಡೇರೆಯ ಹತ್ತಿರ ಸೀಳಬಾರದು. ಆ ಕಾಡುಮೇಡುಗಳಲ್ಲಿ ಕರಡಿಗಳಿವೆ, ಅವುಗಳ ಮೂಗು ಬಹಳ ಚುರುಕು.