ಕುರಿಮರಿಯ ಪರೀಕ್ಷೆ

ಜಾನುವಾರು ಪ್ರದರ್ಶನದಲ್ಲಿ ಮಾಂಸಕ್ಕೆಂದು ಸಾಕಿದ ಕುರಿಮರಿಯನ್ನು ಪರೀಕ್ಷಿಸುವಾಗ ಕಣ್ಣನ್ನಷ್ಟೇ ನಂಬಿದ ತೀರ್ಪುಗಾರನು ಮೋಸಹೋದಾನು. ತುಂಬಿದ ಹೊಟ್ಟೆಯೂ ದಟ್ಟವಾದ ರೋಮವೂ ಬಡಕಲು ಮೈಯನ್ನು ಮರೆಮಾಡಬಲ್ಲವು. ಆದುದರಿಂದ ಅವನು ಬೆನ್ನುಮೂಳೆಯ ಇಕ್ಕೆಲಗಳನ್ನೂ ಪಕ್ಕೆಲುಬುಗಳನ್ನೂ ಬೆರಳಿನಿಂದ ಒತ್ತಿ ನೋಡುತ್ತಾನೆ. ಮೂಳೆ ಚೂಪಾಗಿ ತಾಗಿದರೆ ಮಾಂಸ ಸಾಲದು. ತೀರ ಹುದುಗಿದ್ದರೆ ಕೊಬ್ಬು ಹೆಚ್ಚು.

ಮಾಂಸಕ್ಕೆ ಹೆಸರಾದ ನಮ್ಮ ಬನ್ನೂರು ಕುರಿಯದು ಗಿಡ್ಡ ಕಾಲು, ತುಂಬಿದ ತೊಡೆ; ಹಿಂದಿನಿಂದ ನೋಡಿದರೆ ಇಂಗ್ಲಿಷಿನ ‘ಯು’ ಅಕ್ಷರವನ್ನು ತಲೆಕೆಳಗು ಮಾಡಿದಂತಹ ಆಕಾರ. ಈ ಗುಣವೇ ಅದಕ್ಕೆ ಮುಳುವಾದೀತೆಂದು ನನ್ನ ಅಂಜಿಕೆ. ಬಹುಮಾನಕ್ಕೆ ತಕ್ಕ ಟಗರುಮರಿಗೇ ಸಂತೆಯಲ್ಲಿ ಹೆಚ್ಚು ಬೆಲೆ. ಅದೇ ಮೊದಲು ಕಟುಕನ ಪಾಲಾದರೆ ಹಿಂಡಿನಲ್ಲಿ ತಳಿ ಬೆಳೆಸಲು ಉಳಿಯುವುದು ಬಡಕಲು ಟಗರು. ರಾಗಿಯಲ್ಲಿ ಒಳ್ಳೆಯ ಕಾಳನ್ನು ಬಿತ್ತನೆಗೆ ತೆಗೆದಿಡುವ ರೈತನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಿಯನ್ನು ಹಟ್ಟಿಯಲ್ಲೇ ಉಳಿಸಿಕೊಂಡವನಿಗೆ ನಷ್ಟವಾಗದಂತೆ ನೋಡಿಕೊಳ್ಳುವುದು ಬಹುಮಾನ ಕೊಡುವವರ ಹೊಣೆ.