‘ಗಾಬ್‌ಸ್ಮ್ಯಾಕ್ಡ್’: ತೀವ್ರ ವಿಸ್ಮಯವಾಚಿಯೊಂದರ ಅರ್ಥ, ಪ್ರಯೋಗ ಮತ್ತು ಕನ್ನಡದ ಸಂವಾದಿ ರೂಪಗಳು

ಇಂಗ್ಲಿಷಿನಲ್ಲಿ ಅಚ್ಚರಿಯನ್ನು ಸೂಚಿಸುವ ವಿಶೇಷಣಗಳು ಹಲವು. ‘ಸರ್‌ಪ್ರೈಸ್ಡ್’ ತರತಮಕ್ಕೆ ಒಳಪಡುವ ಅಚ್ಚರಿ. ‘ಅಸ್ಟೌಂಡೆಡ್’, ‘ಫ್ಲ್ಯಾಬರ್‌ಗ್ಯಾಸ್ಟೆಡ್’, ‘ಗಾಬ್‌ಸ್ಮ್ಯಾಕ್ಡ್’ ಮೊದಲಾದವು ಅಚ್ಚರಿಯ ಮೇರೆಯಲ್ಲಿ ನಿಲ್ಲುವಂಥವು. ಅನುವಾದದಲ್ಲಿ ಇವೆಲ್ಲಕ್ಕೂ ‘ಆಶ್ಚರ್ಯಚಕಿತ’ ಎಂಬ ಒಂದೇ ಪದವನ್ನು ಒದಗಿಸುವ ರೂಢಿಯಿದೆ. ಕೊನೆಯ ಪದವನ್ನು ಆಯ್ದುಕೊಂಡು, ಈ ಸಮೀಕರಣದಲ್ಲಿ ಕಳೆದುಹೋಗುವುದೇನು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಪದದ ರಚನೆ ಪಾರದರ್ಶಕವಾದುದು. ‘ಗಾಬ್’ ಎಂದರೆ ಬಾಯಿ. ಬ್ರಿಟನ್ನಿನ ಉತ್ತರಭಾಗ ಮತ್ತು ಐರ್ಲೆಂಡಿನ ಆಡುಮಾತಿನಲ್ಲಿ ಬಳಕೆಯಲ್ಲಿದ್ದು, ಗೇಲಿಕ್ ಮೂಲದ್ದೆಂದು ಊಹಿಸಲಾಗಿದೆ. ‘ಸ್ಮ್ಯಾಕ್’ ಎಂದರೆ ಹೊಡೆತ. ಬಾಯಿಗೆ ಪೆಟ್ಟು ಬಿದ್ದವನಂತೆ ಎಂದೂ, ಬೆರಗಿನಿಂದ ತಾನೇ ಬಾಯಿಗೆ ಕೈ ಅಪ್ಪಳಿಸಿಕೊಂಡವನಂತೆ ಎಂದೂ ಎರಡು ವಿವರಣೆಗಳುಂಟು. ಯಾವುದನ್ನು ಒಪ್ಪಿದರೂ ಫಲಿತಾಂಶ ಒಂದೇ: ಮಾತು ನಿಂತುಹೋಗುವುದು. 20ನೆಯ ಶತಮಾನದ ಈ ಆಡುನುಡಿ 1980ರ ದಶಕದಲ್ಲಿ ಬ್ರಿಟಿಷ್ ಪತ್ರಿಕೆಗಳಲ್ಲಿ ವ್ಯಾಪಕವಾಯಿತು. ಪೆಟ್ಟಿನ ರೂಪಕವಾದರೋ ಹೊಸತಲ್ಲ. ‘ಅಸ್ಟೌಂಡ್’ ಪದದ ಹಿಂದೆ ಲ್ಯಾಟಿನ್ನಿನ ‘ಟೊನಾರೆ’, ಅಂದರೆ ಗುಡುಗು, ಅಡಗಿದೆ.

ವಾಕ್ಯದಲ್ಲಿ ಇದು ಹೆಚ್ಚಾಗಿ ಆಖ್ಯಾತಸ್ಥಾನದಲ್ಲಿ ಬರುತ್ತದೆ. ‘ಆಬ್ಸಲ್ಯೂಟ್ಲಿ ಗಾಬ್‌ಸ್ಮ್ಯಾಕ್ಡ್’ ಸಹಜ. ‘ವೆರಿ ಗಾಬ್‌ಸ್ಮ್ಯಾಕ್ಡ್’ ಅಸಹಜ. ಮೇರೆಯನ್ನು ಮುಟ್ಟಿದ ಸ್ಥಿತಿಗೆ ಹೆಚ್ಚು–ಕಡಿಮೆಯ ಅಳತೆ ಹೊಂದದು, ಪೂರ್ಣತೆಯ ಒತ್ತು ಮಾತ್ರ ಹೊಂದುತ್ತದೆ. ಅಚ್ಚರಿ ಸುಖದ್ದೋ ದುಃಖದ್ದೋ ಎಂಬ ವಿಷಯದಲ್ಲಿ ಪದ ತಟಸ್ಥ.

ಕನ್ನಡದತ್ತ ತಿರುಗಿದರೆ ಸ್ವಾರಸ್ಯ ಹೆಚ್ಚುತ್ತದೆ. ‘ನನಗೆ ಆಶ್ಚರ್ಯವಾಯಿತು’, ‘ನನಗೆ ಸೋಜಿಗವಾಯಿತು’ ಎಂಬಲ್ಲಿ ಅನುಭವಿಯು ಚತುರ್ಥಿಯಲ್ಲಿದ್ದಾನೆ. ‘ನಾನು ದಂಗಾದೆ’, ‘ನಾನು ಬೆರಗಾದೆ’ ಎಂಬಲ್ಲಿ ಪ್ರಥಮೆಯಲ್ಲಿದ್ದಾನೆ. ತೀವ್ರತೆ ಏರಿದಂತೆ ವಿಭಕ್ತಿ ಬದಲಾಗುತ್ತದೆಂದು ಹೇಳುವ ಮೋಹವಾಗುತ್ತದೆ. ಆದರೆ ‘ನನಗೆ ದಿಗ್ಭ್ರಮೆಯಾಯಿತು’ ಎಂಬ ಒಂದೇ ಪ್ರಯೋಗ ಆ ಸೂತ್ರವನ್ನು ಕೆಡವುತ್ತದೆ. ದಿಗ್ಭ್ರಮೆ ತೀವ್ರವೇ, ವಿಭಕ್ತಿ ಮಾತ್ರ ಚತುರ್ಥಿ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿಯ ಭೇದ ತೀವ್ರತೆಯದಲ್ಲ, ನೋಟದ್ದು. ಚತುರ್ಥಿಯಲ್ಲಿ ಭಾವವು ಅನುಭವಿಯ ಬಳಿಗೆ ಬರುತ್ತದೆ. ಪ್ರಥಮೆಯಲ್ಲಿ ಅನುಭವಿಯೇ ಬೇರೊಂದು ಸ್ಥಿತಿಗೆ ಸಲ್ಲುತ್ತಾನೆ. ‘ಗಾಬ್‌ಸ್ಮ್ಯಾಕ್ಡ್’ ಈ ಎರಡನೆಯ ಬಗೆಗೆ ಸೇರಿದ್ದು.

ತರತಮದ ಪರೀಕ್ಷೆಯೂ ಇದಕ್ಕೆ ಹೊಂದುತ್ತದೆ. ‘ತುಂಬಾ ಆಶ್ಚರ್ಯವಾಯಿತು’ ಎನ್ನುತ್ತೇವೆ. ‘ತುಂಬಾ ದಂಗಾದೆ’ ಎಂಬುದು, ಕನಿಷ್ಠ ನಮ್ಮ ಕಿವಿಗೆ, ಒಗ್ಗುವುದಿಲ್ಲ. ಒತ್ತು ಬೇಕಾದಾಗ ಕನ್ನಡವು ‘ದಂಗಾಗಿಹೋದೆ’ ಎಂದು ಸಹಾಯಕ ಕ್ರಿಯಾಪದದ ಮೊರೆಹೋಗುತ್ತದೆ. ಇಂಗ್ಲಿಷಿನ ‘ಆಬ್ಸಲ್ಯೂಟ್ಲಿ’ ಮಾಡುವ ಕೆಲಸವನ್ನು ಇಲ್ಲಿ ‘ಹೋಗು’ ಮಾಡುತ್ತಿದೆ. ಪರ್ಯಾಯವನ್ನು ಕ್ರಿಯಾವಿಶೇಷಣಗಳಲ್ಲಿ ಮಾತ್ರ ಹುಡುಕುವ ಅನುವಾದಕನಿಗೆ ಇದು ಕಾಣದೆ ಹೋಗಬಹುದು.

ಪೆಟ್ಟಿನ ರೂಪಕವೂ ನಮ್ಮಲ್ಲಿದೆ: ‘ಸಿಡಿಲು ಬಡಿದಂತೆ’, ‘ಗರ ಬಡಿದಂತೆ’, ‘ದಂಗುಬಡಿದು’. ಮೊದಲೆರಡು ಕೇಡಿನ ಛಾಯೆಯವು. ಬಹುಮಾನ ಬಂದ ಸುದ್ದಿಗೆ ಗರ ಬಡಿದವನಂತೆ ನಿಲ್ಲುವವನು ವ್ಯಂಗ್ಯಕ್ಕಷ್ಟೇ ವಸ್ತುವಾದಾನು. ‘ಮೂಗಿನ ಮೇಲೆ ಬೆರಳಿಡು’ ಎಂಬುದರಲ್ಲಿ ಮುಖಾವಯವವೇನೋ ಇದೆ. ಆದರೆ ಅಲ್ಲಿ ನೋಡುಗರ ಅಳೆಯುವ ಕಣ್ಣೂ ಇದೆ. ಉಳಿಯುವುದು ‘ದಂಗುಬಡಿ’. ತಾಟಸ್ಥ್ಯ, ಆಡುಮಾತಿನ ಸ್ತರ, ಹೊಡೆತದ ಚಿತ್ರ ಮೂರೂ ಅದರಲ್ಲಿ ಕೂಡಿವೆ, ಬಾಯಿಯೊಂದೇ ಇಲ್ಲ. ಇಂಗ್ಲಿಷಿನಲ್ಲಿ ‘ಗಾಬ್‌ಸ್ಮ್ಯಾಕಿಂಗ್’ ಎಂಬ ರೂಪ ತಡವಾಗಿ ಹುಟ್ಟಿತು. ಕನ್ನಡದಲ್ಲಿ ‘ಇಸು’ ಪ್ರತ್ಯಯ ಸೇರಿದೊಡನೆ ‘ದಂಗುಬಡಿಸುವ ಸುದ್ದಿ’ ಸಿದ್ಧವಾಗುತ್ತದೆ.