ಗಡಿಯ ಕಾವಲಿಗೆ ಕ್ಷ-ಕಿರಣ

ಮುಚ್ಚಿದ ಪೆಟ್ಟಿಗೆಯ ಒಳಗನ್ನು ಅದನ್ನು ತೆರೆಯದೆಯೇ ಕಾಣಬಹುದೆ? 1895ರಲ್ಲಿ ರಂಟ್‌ಗೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಎರಡೇ ವರ್ಷಗಳಲ್ಲಿ, ಪ್ಯಾರಿಸಿನ ಸುಂಕದ ಅಧಿಕಾರಿಗಳು ಪ್ರಯಾಣಿಕರ ಗಂಟುಮೂಟೆಗಳ ಮೇಲೆ ಅವನ್ನು ಪ್ರಯೋಗಿಸಿ ನೋಡಿದರು.

ಇಂದು ಪರೀಕ್ಷೆಗೆ ಬರುವುದು ಉಕ್ಕಿನ ಕಂಟೇನರು. ಆಸ್ಪತ್ರೆಯ ಕ್ಷ-ಕಿರಣಗಳನ್ನು ಒಂದು ಸೆಂಟಿಮೀಟರು ಉಕ್ಕೇ ಬಹುಮಟ್ಟಿಗೆ ಹೀರಿಬಿಡುತ್ತದೆ. ಆದುದರಿಂದ ವೇಗವರ್ಧಕದಲ್ಲಿ ಎಲೆಕ್ಟ್ರಾನುಗಳಿಗೆ 60 ಲಕ್ಷ ಎಲೆಕ್ಟ್ರಾನ್ ವೋಲ್ಟುಗಳಷ್ಟು ಶಕ್ತಿಯನ್ನಿತ್ತು, ಲೋಹದ ಗುರಿಗೆ ಅಪ್ಪಳಿಸುವಂತೆ ಮಾಡಿ, ತೀಕ್ಷ್ಣತರ ಕಿರಣಗಳನ್ನು ಪಡೆಯುತ್ತಾರೆ. ಸುಮಾರು 3 ಸೆಂಟಿಮೀಟರು ಉಕ್ಕು ಇವುಗಳ ತೀವ್ರತೆಯನ್ನು ಅರ್ಧಕ್ಕಿಳಿಸುತ್ತದೆ. 30 ಸೆಂಟಿಮೀಟರು ದಾಟುವಷ್ಟರಲ್ಲಿ ಹತ್ತು ಸಲ ಅರ್ಧವಾಗಿ, ಸಾವಿರದಲ್ಲೊಂದು ಪಾಲು ಉಳಿಯುತ್ತದೆ. ಆ ಅಲ್ಪಾಂಶವನ್ನೇ ಆಚೆಬದಿಯ ಶೋಧಕಗಳು ಗ್ರಹಿಸಿ, ಗೆರೆಗೆರೆಯಾಗಿ ನೆರಳುಚಿತ್ರವನ್ನು ರಚಿಸುತ್ತವೆ.

ಆದರೆ ಒಳಗೆ ಮನುಷ್ಯರೇ ಅಡಗಿದ್ದರೆ? 2000ದ ಜೂನಿನಲ್ಲಿ ಇಂಗ್ಲೆಂಡಿನ ಡೋವರ್ ಬಂದರಿನಲ್ಲಿ ಟೊಮೇಟೊ ಹೊತ್ತ ಲಾರಿಯೊಂದನ್ನು ತೆರೆದಾಗ, ಉಸಿರುಕಟ್ಟಿ ಸತ್ತ 58 ಮಂದಿ ಚೀನೀಯರ ಶವಗಳು ದೊರೆತವು, ಬದುಕುಳಿದವರು ಇಬ್ಬರೇ. ತೀಕ್ಷ್ಣ ಕಿರಣಗಳಿಂದ ದೇಹಕ್ಕೆ ಹಾನಿಯುಂಟು. ಅದಕ್ಕೇ ಚಾಲಕನನ್ನು ಮೊದಲೇ ಇಳಿಸುತ್ತಾರೆ ಅಥವಾ ಅವನಿರುವ ಭಾಗ ದಾಟಿದ ಮೇಲೆಯೇ ಕಿರಣವನ್ನು ಹಾಯಿಸುತ್ತಾರೆ. ಅಡಗಿದವನು ಇಳಿಯಲಾರನು.

ಇದಕ್ಕೊಂದು ಉಪಾಯವಿದೆ. ಕಡಿಮೆ ಶಕ್ತಿಯ ಕಿರಣಗಳನ್ನು ಸೀಸದಂಥ ಭಾರವಸ್ತುಗಳು ಹೀರಿಕೊಂಡರೆ, ಮೈಯಲ್ಲಿರುವ ಹಗುರ ಮೂಲವಸ್ತುಗಳು ಬಹುಪಾಲು ಚೆದರಿಸುತ್ತವೆ. ಹಿಂದಕ್ಕೆ ಚೆದರಿ ಬಂದ ಕಿರಣಗಳನ್ನು ಹಿಡಿದರೆ, ಮನುಷ್ಯಾಕೃತಿಯು ಬೆಳ್ಳಗೆ ಹೊಳೆಯುತ್ತದೆ. ಆದರೆ ಇವು ತೆಳುವಾದ ಗೋಡೆಯನ್ನಷ್ಟೇ ದಾಟಬಲ್ಲವು. ಆಳಕ್ಕಿಳಿಯುವ ಕಿರಣದಿಂದ ಅಪಾಯ ಹೆಚ್ಚು, ಅಪಾಯ ಕಡಿಮೆಯಾದುದು ಆಳಕ್ಕಿಳಿಯದು. ಯಾವ ಗಾಡಿಗೆ ಯಾವ ಕಿರಣವೆಂಬ ನಿರ್ಣಯವು ಇಂದಿಗೂ ಮನುಷ್ಯನ ವಿವೇಕಕ್ಕೆ ಸೇರಿದುದು.